ಗುಂಡಿ ಹೊತ್ತ ಜೇಡ

ಗಡ್ಡ ಮುಗಿದು ಕಣ್ಣು ಶುರುವಾಗುವ ನಡುವೆ ಅವರ ಬಲಗೆನ್ನೆ ಮಗುವಿನ ಕೆನ್ನೆಯಷ್ಟು ನುಣುಪಾಗಿತ್ತು. ಕೊಟ್ಟಿಗೆಹಾರದಿಂದ ವರ್ಷಕ್ಕೆರಡು ಸಲ ನಮ್ಮ ಎಸ್ಟೇಟಿಗೆ ಬರುತ್ತಿದ್ದ ದರ್ಜಿ ಸಾಬರು ಯಾವ ಬಟ್ಟೆಯನ್ನಾದರೂ ಆ ಕೆನ್ನೆಗೊತ್ತಿ, ಕಣ್ಣು ಮುಚ್ಚಿ ನೋಡಿ, ಆಮೇಲೆಯೇ ಕತ್ತರಿ ಹಿಡಿಯುತ್ತಿದ್ದರು. "ಸೂಜಿ ಹಿಡ್ದು ಬೆರಳು ಜಡ್ಡುಗಟ್ಟಿದೆ ತಂಗಿ, ಈಗ ಕೆನ್ನೆಗೇ ಗೊತ್ತಾಗೋದು" ಎನ್ನುತ್ತಿದ್ದರು.

ನನ್ನ ಗಂಡ ಆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ನಮ್ಮ ಮನೆಯ ಜಗಲಿಯೇ ಸಾಬರ ಅಂಗಡಿ. ಕೈಮೆಷಿನ್ನಿನ ಸದ್ದು ಏರಿಳಿಯುತ್ತಿದ್ದರೆ ಮಂಜು ಅಂಗಳ ದಾಟಿ ಬಂದು ಬಟ್ಟೆಗಳ ಮಧ್ಯೆ ಕೂತಂತೆ ಕಾಣುತ್ತಿತ್ತು. ತೊಟ್ಟಿಲಲ್ಲಿ ಮಗಳು, ಪಕ್ಕದಲ್ಲಿ ತೂಕಡಿಸುತ್ತ ನಾನು. ಆ ಮಧ್ಯಾಹ್ನಗಳು ನಿಜವಾಗಿ ನಡೆದವೋ ಕನಸೋ ಎಂದು ಈಗಲೂ ಅನುಮಾನ.

ಗೋಡೆಯ ಮೇಲೆ ಅಂಗೈಯಗಲದ ರೋಮದ ಜೇಡ ಕಂಡರೆ ನಾನು ಪೊರಕೆ ಹುಡುಕುತ್ತಿದ್ದೆ. ಸಾಬರು ತಡೆದು, ಬೀಗರ ಕಡೆಯವರನ್ನು ಪರಿಚಯಿಸಿದಂತೆ ಪರಿಚಯಿಸುತ್ತಿದ್ದರು. ಚಪ್ಪಟೆ ಮೈ, ಏಡಿಯ ಹಾಗೆ ಅಡ್ಡಕ್ಕೆ ಚಾಚಿದ ಕಾಲು, ಹೊಟ್ಟೆಯಡಿಯಲ್ಲಿ ಬಿಳಿ ಗುಂಡಿ ಇದ್ದರೆ ಅವಳು ಮನೆಯವಳು. ಬಲೆ ಹೆಣೆಯುವುದಿಲ್ಲ, ಜಿರಳೆ ಹಿಡಿದು ತಿನ್ನುತ್ತಾಳೆ. ಗುಂಡಿಯೆಂದರೆ ಮೊಟ್ಟೆಯ ಚೀಲ. ದರ್ಜಿಯ ಕಣ್ಣಿಗೆ ಅದು ಅಂಗಿಯ ಗುಂಡಿಯೇ. ದಪ್ಪ ಮೈಗೆ ಕಂಬಳಿ ಹೊದ್ದು, ಬಿಲದ ಬಾಯಿಗೆ ರೇಷ್ಮೆ ಹಾಸಿಕೊಂಡು ತೋಟದಲ್ಲಿ ಕೂರುವವಳು ಬೇರೆ. ಅವಳ ಬಿಲಕ್ಕೆ ಮಾತ್ರ ಕೈ ಹಾಕಬಾರದು.

ಯುದ್ಧದ ಕಾಲ, ಬಟ್ಟೆಗೆ ಕಂಟ್ರೋಲು. ಆ ಸಲ ಸಾಬರು ಬಂದ ದಿನವೇ ನನ್ನ ಹಳೇ ಸೀರೆಯಿಂದ ಮಗಳಿಗೊಂದು ಅಂಗಿ ಹೊಲಿದುಕೊಟ್ಟರು. ಮಾರನೆಯ ದಿನ ಅದನ್ನು ಒಗೆದು, ಬೇಲಿಯ ಮೇಲೆ ಒಣಗಿಸಿ ತೊಡಿಸಿದೆ. ಸ್ವಲ್ಪ ಹೊತ್ತಿಗೆ ಕೂಸು ಕಿರುಚತೊಡಗಿತು. ಅಂಗಿ ಬಿಚ್ಚಿದರೆ ಬೆನ್ನ ತುಂಬ ಕೆಂಪು ಬೊಕ್ಕೆ. ತೊಟ್ಟಿಲ ಮೇಲಿನ ಗೋಡೆಯಲ್ಲಿ ಗುಂಡಿ ಹೊತ್ತ ಜೇಡ. ಅತ್ತೆಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. "ಜೇಡ ಉಚ್ಚೆ ಹೊಯ್ದಿದೆ ಮಾರಾಯ್ತಿ, ಬರೆ ಹಾಕ್ದೆ ಇಳಿಯಲ್ಲ" ಎಂದು ಬಳೆಚೂರನ್ನು ಕೆಂಡದಲ್ಲಿಟ್ಟರು. ನಾನು ಮಗಳನ್ನು ಅವುಚಿಕೊಂಡು ನಿಂತೆ. ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೆಷಿನ್ನಿನ ಸದ್ದು ನಿಂತಿತು. ಯಾವತ್ತೂ ನಮ್ಮ ಹೊಸ್ತಿಲು ದಾಟದ ಸಾಬರು ಅಂದೂ ದಾಟಲಿಲ್ಲ. ಹೊರಗೆ ನಿಂತೇ ಕೈ ಚಾಚಿದರು.

"ಅಮ್ಮಾ, ಒಂದು ಗಳಿಗೆ ತಡೀರಿ. ಆ ಅಂಗಿ ಇಲ್ಲಿ ಕೊಡಿ. ಹೊಲಿದವ ನಾನು."

ಅಂಗಿಯನ್ನು ಬಲಗೆನ್ನೆಗೆ ಒತ್ತಿ ಉಜ್ಜಿಕೊಂಡರು, ಎಂದಿನಂತೆ ಕಣ್ಣು ಮುಚ್ಚಿ. ಅತ್ತೆಯೂ ನಾನೂ ನೋಡುತ್ತ ನಿಂತೆವು. ಮಂಜು ಅವರ ಹಿಂದೆ ಅಂಗಳವನ್ನೆಲ್ಲ ಅಳಿಸಿಹಾಕಿತ್ತು. ಆ ಒಂದು ಮುಖ ಮಾತ್ರ ಉಳಿದಿತ್ತು. ನೋಡನೋಡುತ್ತ ಆ ನುಣುಪು ಕೆನ್ನೆಯ ಮೇಲೆ, ಮಗಳ ಬೆನ್ನ ಮೇಲಿದ್ದಂಥದೇ ಬೊಕ್ಕೆಗಳು ಒಂದೊಂದಾಗಿ ಎದ್ದವು.

"ಕಂಬಳಿಹುಳದ ರೋಮ ಇದು, ಬೇಲಿ ಮೇಲಿಂದ ಹತ್ತಿದ್ದು" ಎಂದರು. "ಗೋಡೆ ಮೇಲಿರೋವ್ಳದ್ದು ಏನೂ ತಪ್ಪಿಲ್ಲಮ್ಮಾ."

ಅತ್ತೆ ಅವರ ಕೆನ್ನೆಯನ್ನೇ ನೋಡಿದರು. ಬಳೆಚೂರು ಕೆಂಡದಲ್ಲೇ ಉಳಿಯಿತು. ಕೊಬ್ಬರಿ ಎಣ್ಣೆಯ ಬಟ್ಟಲನ್ನು ಅತ್ತೆ ಮೊದಲು ತಂದಿಟ್ಟದ್ದು ಹೊಸ್ತಿಲ ಆಚೆ, ಸಾಬರ ಮುಂದೆ.

ಮರುವರ್ಷ ಮೆಷಿನ್ನು ಹೊರಿಸಿಕೊಂಡು ಬಂದವನು ಅವರ ಅಳಿಯ. ಮಾವ ಜ್ವರದಲ್ಲಿ ತೀರಿಕೊಂಡರೆಂದು ಹೇಳಿ, ಜಗಲಿಯಲ್ಲಿ ಕೂತು ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದ. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಒಳಗೆ ಹೋದರು. ನಿದ್ದೆ ಹೋಗಿದ್ದ ಮೊಮ್ಮಗಳ ಅಂಗಿ ಎತ್ತಿ, ಬೆನ್ನ ಮೇಲೆ ಮೆಲ್ಲಗೆ ಕೈಯಾಡಿಸಿದರು. ಎಲ್ಲೂ ಒಂದು ಕಲೆಯೂ ಇರಲಿಲ್ಲ.