ಜೋಳದ ಕೋಣೆಯಲ್ಲಿ ಎರಡು ಟಾರ್ಚು

ಅವ್ವ ಈಗಲೂ ಕೋಳಿ ಕೂಗುವ ಹೊತ್ತಿಗೆ ಏಳುತ್ತಾಳೆ. ಅಫಜಲಪುರದ ನಮ್ಮ ತವರುಮನೆಯ ಹಿತ್ತಲಲ್ಲಿ ಒಂದು ಎಮ್ಮೆ ಇದೆ. ಅದಕ್ಕೆ ಮೇವು ಹಾಕದೆ ಅವ್ವನಿಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಹೋದ ಮಳೆಗಾಲದಲ್ಲಿ ಹಾಗೆ ನಸುಕಿನಲ್ಲಿ ಹೋಗುವಾಗ ಅವಳ ಕಾಲಬುಡದಲ್ಲೇ ಚೇಳು ಹರಿದು ಹೋಯಿತಂತೆ. ತಮ್ಮ ಫೋನ್ ಮಾಡಿ ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಮರುದಿನವೇ ಆಳಂದದ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಚಾರ್ಜ್ ಮಾಡುವ ಟಾರ್ಚ್ ಕೊಂಡೆ. ಒಳಗಿನ ಲಿಥಿಯಂ ಸೆಲ್ಲಿನ ಮೇಲೆ ಭಾರಿ ಅಂಕಿಯೊಂದು ಅಚ್ಚಾಗಿತ್ತು. ಅಂಕಿ ದೊಡ್ಡದಿದ್ದಷ್ಟೂ ಹೆಚ್ಚು ಹೊತ್ತು ಉರಿಯುತ್ತದೆ ಎಂದು ಅಂಗಡಿಯವನು ಹೇಳಿದ, ನಾನು ನಂಬಿದೆ.

ತಮ್ಮನ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋದಾಗ ಅದನ್ನು ಅವ್ವನ ಕೈಗಿಟ್ಟೆ. ಅಷ್ಟರಲ್ಲಿ ಜೇವರ್ಗಿಯಿಂದ ಬಂದಿದ್ದ ಅಕ್ಕನೂ ತನ್ನ ಚೀಲದಿಂದ ಒಂದು ಟಾರ್ಚ್ ತೆಗೆದಳು. ಚೇಳಿನ ಸುದ್ದಿ ಅವಳಿಗೂ ಮುಟ್ಟಿತ್ತು. ಭಾವನವರದು ಹೈವೇ ಮೇಲೆ ಪಂಕ್ಚರ್ ಅಂಗಡಿ. ಲಾರಿ ಡ್ರೈವರುಗಳು ಇಟ್ಟುಕೊಳ್ಳುವಂಥದ್ದನ್ನೇ ಕೇಳಿ ತರಿಸಿದ್ದರಂತೆ. ನಾನು ಅದರ ಹಿಂದಿನ ಮುಚ್ಚಳ ತಿರುಗಿಸಿ ಸೆಲ್ ನೋಡಿದೆ. ಅದರ ಮೇಲಿನ ಅಂಕಿ ನನ್ನದರ ಅರ್ಧವೂ ಇರಲಿಲ್ಲ.

“ಅಕ್ಕಾ, ನಿನ್ನ ಸೆಲ್ ಇಷ್ಟ ಅದ? ನಂದು ನೋಡು,” ಎಂದೆ.

ಅಕ್ಕ ನನ್ನ ಸೆಲ್ಲನ್ನು ಅಂಗೈಯಲ್ಲಿ ಹಿಡಿದು ಒಂದೆರಡು ಸಲ ಮೇಲೆ ಕೆಳಗೆ ಆಡಿಸಿ, ನನ್ನ ಮುಖ ನೋಡಿದಳು. “ಇರ್ಲಿ ಬಿಡು. ಎರಡೂ ಹಚ್ಚಿ ಇಟ್ರ ಗೊತ್ತಾಗ್ತದ,” ಎಂದಳು.

ಮರುದಿನ ಎರಡನ್ನೂ ಪೂರ್ತಿ ಚಾರ್ಜ್ ಮಾಡಿದೆವು. ನಮ್ಮ ಮನೆಯಲ್ಲಿ ಜೋಳದ ಚೀಲಗಳನ್ನು ಒಟ್ಟುವ ಕೋಣೆಗೆ ಕಿಟಕಿಯಿಲ್ಲ, ಹಗಲಲ್ಲೂ ಕತ್ತಲೆ. ಅಲ್ಲಿ ಚೀಲದ ಮೇಲೆ ಎರಡೂ ಟಾರ್ಚುಗಳನ್ನು ಗೋಡೆಗೆ ಮುಖ ಮಾಡಿಟ್ಟು ಹಚ್ಚಿದೆವು. ನನ್ನದರ ಬೆಳಕು ಅಗಲವಾಗಿ, ಬೆಳ್ಳಗೆ ಬಿತ್ತು. ಒಳಗೊಳಗೇ ಖುಷಿಯಾಯಿತು. ಚಿಕ್ಕವ್ವನ ಮನೆಗೆ ಊಟಕ್ಕೆ ಹೋಗಬೇಕಿತ್ತು. ಕಾಯುವ ಕೆಲಸ ಅವ್ವನಿಗೆ ಒಪ್ಪಿಸಿ ಹೊರಟೆವು.

ತಿರುಗಿ ಬರುವಷ್ಟರಲ್ಲಿ ಎರಡೂ ಆರಿದ್ದವು. ಅವ್ವ ಬಾಗಿಲಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು.

“ಯಾವ್ದು ಮೊದ್ಲ ಆರ್ತು ಬೇ?” ಎಂದು ಕೇಳಿದೆ.

“ಎರಡೂ ಕೂಡೇ ಆರಿದ್ವು ನೋಡ್ರಿ. ಏನೂ ಫರಕ್ ಇಲ್ಲ,” ಎಂದಳು ಅವ್ವ, ಮೊರದಿಂದ ತಲೆ ಎತ್ತದೆ.

ಅಕ್ಕ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಒಳಗೆ ಹೋದಳು. ಸೋಲಲಿಲ್ಲವಲ್ಲ ಎಂಬ ನೆಮ್ಮದಿಯಲ್ಲಿ ನಾನು ಆಳಂದಕ್ಕೆ ಮರಳಿದೆ.

ದೀಪಾವಳಿ ಮುಗಿದ ಮೇಲೆ ಮತ್ತೆ ತವರಿಗೆ ಹೋಗಿದ್ದೆ. ನಸುಕಿನಲ್ಲಿ ಎಚ್ಚರವಾಯಿತು. ಅವ್ವ ಹಿತ್ತಲ ಕಡೆ ಹೊರಟಿದ್ದಳು. ಕೈಯಲ್ಲಿ ನಾನು ಕೊಟ್ಟ ಟಾರ್ಚ್. ಹೋಗುವಾಗ ಬೆಳಕು ಚೆನ್ನಾಗಿತ್ತು. ಮೇವು ಹಾಕಿ, ಸಗಣಿ ಬಳಿದು ಬರುವಷ್ಟರಲ್ಲಿ ಮಂಕಾಗಿ ಮಿಣುಕುತ್ತಿತ್ತು. ಅವ್ವ ಅದನ್ನು ತೊಡೆಗೆ ಬಡಿದುಕೊಂಡು, ಇನ್ನೊಂದು ಕೈಯಿಂದ ಗೋಡೆ ಸವರುತ್ತ ಬರುತ್ತಿದ್ದಳು. ಅಕ್ಕನ ಟಾರ್ಚ್ ಒಳಗೆ ಗೋಡೆಯ ಗೂಡಿನಲ್ಲಿತ್ತು.

ಅವತ್ತು ಎರಡೂ ಕೂಡೇ ಆರಿದ್ದು ನಿಜವೇ ಎಂದು ಚಹಾ ಮಾಡುತ್ತಿದ್ದ ತಮ್ಮನ ಹೆಂಡತಿಯನ್ನು ಕೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ.

“ನಾ ಹೇಳೀನಿ ಅಂತ ಅತ್ತಿಯವರ ಮುಂದ ಹೇಳಬ್ಯಾಡ್ರಿ ಅಕ್ಕಾರ. ಅವತ್ತು ನಿಮ್ಮ ಬ್ಯಾಟ್ರಿ ನೀವು ಚಿಕ್ಕವ್ವಾರ ಮನಿ ಮುಟ್ಟೂದ್ರಾಗ ಆರಿಬಿಟ್ತು. ದೊಡ್ಡಕ್ಕಾರ್ದು ಹಂಗೇ ಉರೀತಿತ್ತು. ನೀವು ಬರೂದು ಕಂಡು ಅತ್ತಿನೇ ಬಟನ್ ಒತ್ತಿ ಆರಿಸಿದ್ರು.”

“ಯಾಕಂತ?”

“ಸಣ್ಣಾಕಿ ಭಾಳ ಮನಸ್ಸಿಗೆ ಹಚ್ಕೊಂತಾಳ ಅಂದ್ರು.”

ನನಗೆ ಐವತ್ತು ದಾಟಿದೆ. ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವವಳು ನಾನು. ಅವ್ವನ ಕಣ್ಣಿಗೆ ಇನ್ನೂ, ಅಕ್ಕ ತಟ್ಟಿದ ರೊಟ್ಟಿಯನ್ನು ಅಪ್ಪ ಹೊಗಳಿದರೆ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದ ಹುಡುಗಿ. ನಾಚಿಕೆಯಾಯಿತು.

ಅಕ್ಕನಿಗೆ ಫೋನ್ ಮಾಡಿದೆ.

“ಸೆಲ್ ಕೈಯಾಗ ಹಿಡಿದಾಗೇ ಗೊತ್ತಾಗಿತ್ತು ನನಗ,” ಎಂದಳು ಅಕ್ಕ. “ತೂಕನೇ ಇರ್ಲಿಲ್ಲ. ಮ್ಯಾಲ ಏನು ಬೇಕಾದ್ರೂ ಬರೀತಾರ. ಚೊಲೋ ಸೆಲ್ ವಜ್ಜಿ ಇರ್ತದ ಅಂತ ನಿಮ್ಮ ಭಾವ ಹೇಳ್ತಾರ.”

“ಮತ್ತ ಅವತ್ತೇ ಯಾಕ ಹೇಳ್ಲಿಲ್ಲ?”

“ನಿನ್ನ ಮಾರಿ ನೋಡಿದೆ. ಹೇಳಾಕ ಮನಸ್ಸಾಗ್ಲಿಲ್ಲ.”

ಇಷ್ಟಾದರೂ ಅವ್ವ ಅಕ್ಕನ ಟಾರ್ಚನ್ನೇಕೆ ಮುಟ್ಟುತ್ತಿಲ್ಲ ಎಂಬುದು ತಿಳಿಯಲಿಲ್ಲ. ನೇರವಾಗಿ ಅವಳನ್ನೇ ಕೇಳಿದೆ. ಅವ್ವ ಬಲಗೈ ಹೆಬ್ಬೆರಳು ತೋರಿಸಿದಳು. ಗೆಣ್ಣು ಬಾತಿತ್ತು. ಅಕ್ಕನ ಟಾರ್ಚಿನ ಬಟನ್ ಬಿಗಿ, ಒತ್ತಿದರೆ ಬೆರಳು ನೋಯುತ್ತಿತ್ತು. ನನ್ನದು ಮೆತ್ತಗಿತ್ತು, ಹಗುರವೂ ಆಗಿತ್ತು.

ಎರಡೂ ಸೆಲ್ ಒಂದೇ ಗಾತ್ರದವು. ಅಕ್ಕನ ಸೆಲ್ ತೆಗೆದು ನನ್ನ ಟಾರ್ಚಿಗೆ ಹಾಕಿದೆ, ಸರಿಯಾಗಿ ಕೂತಿತು. ಅವತ್ತು ಒಂದೊಂದು ಸೆಲ್ ಒಂದೊಂದು ಟಾರ್ಚಿನಲ್ಲಿತ್ತು. ಟಾರ್ಚ್ ಬೇರೆಯಾದರೆ ಸೆಲ್ಲಿನ ಹೋಲಿಕೆ ಸರಿಯಾಗುವುದಿಲ್ಲ ಎಂಬುದು ಆಗ ನಮಗೆ ಹೊಳೆದಿರಲಿಲ್ಲ. ಈಗ ಎರಡೂ ಸೆಲ್ಲುಗಳನ್ನು ಪೂರ್ತಿ ಚಾರ್ಜ್ ಮಾಡಿ, ಒಂದಾದ ಮೇಲೊಂದರಂತೆ ಅದೇ ಟಾರ್ಚಿನಲ್ಲಿ ಹಾಕಿ ನೋಡುವುದೆಂದಾಯಿತು. ಈ ಸಲ ನಾನು ಎಲ್ಲಿಗೂ ಹೋಗಲಿಲ್ಲ. ಜೋಳದ ಕೋಣೆಯಲ್ಲಿ ಅವ್ವನ ಪಕ್ಕ ಚೀಲಕ್ಕೆ ಒರಗಿ ಕೂತೆ. ನನ್ನ ಸೆಲ್ ಜೋರಾಗಿ ಶುರುವಾಗಿ, ನಾವು ಮನೆಮಂದಿಯ ಮಾತಾಡಿ ಮುಗಿಸುವ ಮೊದಲೇ ಸೊರಗಿತು. ಅಕ್ಕನದು ಹಾಕಿದೆವು. ಅವ್ವ ಅಪ್ಪನನ್ನು ಮದುವೆಯಾಗಿ ಬಂದ ಕತೆ ಹೇಳಿದಳು, ನನ್ನ ಬಾಣಂತನದ ಕತೆ ಹೇಳಿದಳು, ನಡುವೆ ಒಂದಷ್ಟು ಹೊತ್ತು ಕೂತಲ್ಲೇ ತೂಕಡಿಸಿದಳು. ಗೋಡೆಯ ಮೇಲಿನ ಬೆಳಕು ಕದಲಲಿಲ್ಲ.

ಕೊನೆಗೆ ನಾನೇ ಹೇಳಿದೆ, “ಅಕ್ಕಂದೇ ಗೆದ್ದತು ಬೇ ಯವ್ವಾ.”

ಅವ್ವ ಟಾರ್ಚ್ ಎತ್ತಿ ನನ್ನ ಮುಖಕ್ಕೆ ಬಿಟ್ಟಳು. ಕಣ್ಣು ಕುಕ್ಕಿತು. ನಾನು ಕೈ ಅಡ್ಡ ಹಿಡಿದರೂ ಬಿಡದೆ, ಮುಂದಕ್ಕೆ ಬಾಗಿ ನನ್ನ ಮುಖವನ್ನೇ ನೋಡಿದಳು. ನಾನು ನಗುತ್ತಿದ್ದೇನೆಂಬುದು ಖಾತ್ರಿಯಾದ ಮೇಲೆ ಅವಳೂ ನಕ್ಕಳು.

“ಸೆಲ್ ಅಕ್ಕಂದು. ಆದ್ರ ಬಟನ್ ನಿಂದೇ ಚೊಲೋ ಅದ ಯವ್ವಾ,” ಎಂದಳು.

ಆ ಮಾತು ಸುಳ್ಳಾಗಿರಲಿಲ್ಲ. ಹಾಗೆ ಹೇಳಿ ಟಾರ್ಚ್ ಆರಿಸಿದಳು. ಎಮ್ಮೆಗೆ ನೀರಿಡುವ ಹೊತ್ತಾಗಿತ್ತು. ನಾನು ಕೈ ಹಿಡಿದು ಎಬ್ಬಿಸಿದೆ, ಇಬ್ಬರೂ ಹಿತ್ತಲಿಗೆ ನಡೆದೆವು.