ಹಲ್ಲಿನ ಅಂಗಡಿಯಲ್ಲಿ ಇಂಗ್ಲಿಷ್ ಪಾಠ

ಚೀನಾದಮ್ಮನಿಗೆ ಇಂಗ್ಲಿಷ್ ಕಲಿಸಿದ್ದು ನಾನು. ಚೆನ್ನಾಗಿಯೇ ಕಲಿಸಿದೆ. ಅನುಮಾನವಿಲ್ಲದೆ ನಾನು ಬರೆಯಬಲ್ಲ ವಾಕ್ಯಗಳು ಇವೆರಡೇ. ಉಳಿದದ್ದನ್ನು ನೆನಪು ಎಷ್ಟು ಸಲ ತಿದ್ದಿದೆಯೋ ತಿಳಿಯದು. ತಿದ್ದಿದಾಗಲೆಲ್ಲ ನನಗೆ ಅನುಕೂಲವಾಗುವ ಹಾಗೆ ತಿದ್ದಿದೆ ಎಂಬುದು ಮಾತ್ರ ಗೊತ್ತು.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ರೈಲ್ವೆ ಸ್ಟೇಷನ್ನಿನಿಂದ ಪೇಟೆಗೆ ಬರುವ ದಾರಿಯಲ್ಲಿ ಒಂದು ಹಲ್ಲಿನ ಅಂಗಡಿ ಇತ್ತು. ಗಾಜಿನ ಪೆಟ್ಟಿಗೆಯಲ್ಲಿ ಗುಲಾಬಿ ಬಣ್ಣದ ಒಸಡಿನ ಎರಡು ಹಲ್ಲಿನ ಸೆಟ್ಟುಗಳು ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ಹಲ್ಲು ಕಟ್ಟುತ್ತಿದ್ದವರು ಚೀನಾ ಮೂಲದವರು. ಹುಟ್ಟಿದ್ದು ಕಲ್ಕತ್ತೆಯಲ್ಲಿ, ಕೆಲಸ ಕಲಿತದ್ದು ಅಪ್ಪನಿಂದ. ಗಂಡಸಿ, ಬಾಣಾವರದ ಕಡೆಯ ಮುದುಕರೆಲ್ಲ ಅವರು ಕಟ್ಟಿದ ಹಲ್ಲಿನಲ್ಲೇ ಕೊಬ್ಬರಿ ಅಗಿಯುತ್ತಿದ್ದರು. ಅವರ ಹೆಂಡತಿಯನ್ನು ಇಡೀ ಬೀದಿ ಚೀನಾದಮ್ಮ ಎನ್ನುತ್ತಿತ್ತು. ಆಕೆ ಮಾತ್ರ ಹುಟ್ಟಿದ್ದು ಚೀನಾದಲ್ಲಿಯೇ. ಹದಿನೇಳನೆಯ ವಯಸ್ಸಿಗೆ ಹಡಗು ಹತ್ತಿ ಕಲ್ಕತ್ತೆಗೆ ಬಂದು, ಮದುವೆಯಾಗಿ, ವರ್ಷ ಎರಡಾಗುವಷ್ಟರಲ್ಲಿ ಅರಸೀಕೆರೆಗೆ ಬಂದವರು. ಮನೆಯೊಳಗೆ ಚೀನೀ ಮಾತು, ಹೊಸ್ತಿಲು ದಾಟಿದರೆ ನಮ್ಮದೇ ಕನ್ನಡ. ಇಂಗ್ಲಿಷ್ ಒಂದು ಅಕ್ಷರವೂ ಇಲ್ಲ.

ಒಂದು ಮಧ್ಯಾಹ್ನ ಆಕೆಯೇ ಸ್ಕೂಲಿನ ಗೇಟಿನ ಹತ್ತಿರ ನಿಂತಿದ್ದರು.

“ಟೀಚರಮ್ಮ, ನಂಗೆ ಇಂಗ್ಲೀಸು ಬೇಕು.”

“ಎಷ್ಟು ಬೇಕು?” ಎಂದೆ ನಗುತ್ತಾ.

“ಮಗಳು ಹೆರೋದ್ರೊಳಗೆ ಎಷ್ಟು ಬತ್ತದೋ ಅಷ್ಟು.”

ಮಗಳನ್ನು ಕಲ್ಕತ್ತೆಗೆ ಕೊಟ್ಟಿದ್ದರು. ಚೊಚ್ಚಲು, ಆಗ ಐದು ತಿಂಗಳು. ಬಾಣಂತನಕ್ಕೆ ತಾಯಿ ಹೋಗಬೇಕು. ನಮ್ಮಂತೆ ಮಗಳು ತವರಿಗೆ ಬರುವ ಪದ್ಧತಿ ಅವರಲ್ಲಿಲ್ಲ. ಒಂದು ತಿಂಗಳು ಬಾಣಂತಿ ತಣ್ಣೀರು ಮುಟ್ಟುವ ಹಾಗಿಲ್ಲ, ಶುಂಠಿ ಎಳ್ಳೆಣ್ಣೆಯ ಅಡುಗೆ ತಾಯಿಯ ಕೈಯಿಂದಲೇ ಆಗಬೇಕು. ಆದರೆ ಅರವತ್ತೆರಡರ ಚೀನಾ ಯುದ್ಧದ ನಂತರ ಈಕೆ ಕಾಗದದ ಮೇಲೆ ವಿದೇಶಿ. ತಾಲ್ಲೂಕಿನ ಗಡಿ ದಾಟಬೇಕಾದರೆ ಪೊಲೀಸ್ ಠಾಣೆಗೆ ಮೊದಲೇ ಬರೆದುಕೊಟ್ಟು ಅನುಮತಿ ತೆಗೆದುಕೊಳ್ಳಬೇಕಿತ್ತು. ಕಲ್ಕತ್ತೆಗೆ ಹೋಗಲು ಬರೆದ ಮೂರು ಅರ್ಜಿಗೂ ಉತ್ತರ ಬಂದಿರಲಿಲ್ಲ. ಈಗ, ಎಷ್ಟೋ ವರ್ಷದ ಹಿಂದೆ ಹಾಕಿದ್ದ ಪೌರತ್ವದ ಅರ್ಜಿ ಇದ್ದಕ್ಕಿದ್ದಂತೆ ಎದ್ದು ಕೂತಿತ್ತು. ಕನ್ನಡ ಬಾರದ ಹೊರಗಿನ ಒಬ್ಬ ಅಧಿಕಾರಿ ಮೂರು ತಿಂಗಳಲ್ಲಿ ಬಂದು ಪ್ರವಾಸಿ ಮಂದಿರದಲ್ಲಿ ಕೂರುತ್ತಾರೆ, ಅರ್ಜಿದಾರರನ್ನು ಇಂಗ್ಲಿಷಿನಲ್ಲೇ ಕೇಳುತ್ತಾರೆ, ಒಪ್ಪಿಗೆಯಾದರೆ ಪ್ರಯಾಣದ ಚೀಟಿಯನ್ನು ಅಲ್ಲೇ ಬರೆದುಕೊಡುತ್ತಾರೆ ಎಂದು ಸುದ್ದಿ.

ವಾರಕ್ಕೆ ಮೂರು ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಾಠ. ಮೊದಲ ಹದಿನೈದು ದಿನ ನಾನು ಮಾಡಿದ್ದು ಸ್ಕೂಲಿನಲ್ಲಿ ಮಾಡುತ್ತಿದ್ದುದನ್ನೇ: ಪ್ರಶ್ನೆ ಬರೆದುಕೊಟ್ಟೆ, ಉತ್ತರ ಬರೆದುಕೊಟ್ಟೆ, ಬಾಯಿಪಾಠ ಮಾಡಿ ಅಂದೆ. ಆಕೆ ಮಾಡಿದರು. ನಲವತ್ತು ಉತ್ತರ ಒಂದೇ ಉಸಿರಿಗೆ. ಆದರೆ ಹೇಳುತ್ತಿದ್ದುದು ಇಂಗ್ಲಿಷ್ ಎಂದು ಪಕ್ಕದಲ್ಲಿ ಕೂತ ನನಗೇ ಗೊತ್ತಾಗುತ್ತಿರಲಿಲ್ಲ. ಚೀನೀ ಮಾತಿನಂತೆ ಪದದ ಕೊನೆ ಅರ್ಧಕ್ಕೆ ನಿಂತುಹೋಗುತ್ತಿತ್ತು, ಇಲ್ಲವೇ ನಮ್ಮಂತೆ ಒಂದು ‘ಉ’ ಅಂಟಿಕೊಳ್ಳುತ್ತಿತ್ತು.

ದಾರಿ ತೋರಿಸಿದ್ದು ಗಂಡ. ಒಂದು ಸಂಜೆ ಆತ ಅಳತೆ ತೆಗೆಯುವ ಮೇಣ ಬಿಸಿಮಾಡಿಕೊಂಡು ಬಂದು, “ಟೀಚರಮ್ಮ, ಬಾಯಿ ತೆಗೀರಿ” ಅಂದರು.

“ನನ್ನ ಹಲ್ಲು ಸರಿಯಾಗಿದೆ.”

“ನಿಮ್ಮ ಹಲ್ಲು ಯಾರಿಗೆ ಬೇಕು? ನಾಲಿಗೆ ಎಲ್ಲಿ ತಗಲ್ತದೆ ನೋಡ್ಬೇಕು.”

ನನ್ನ ಅಂಗುಳಕ್ಕೊಂದು, ಹೆಂಡತಿಯ ಅಂಗುಳಕ್ಕೊಂದು ತೆಳ್ಳನೆಯ ತಟ್ಟೆ ಮಾಡಿದರು. ಮೇಲೆ ಬಿಳಿ ಪುಡಿ ಉದುರಿಸಿ ಬಾಯೊಳಗೆ ಕೂರಿಸುವುದು, ಒಂದೇ ಒಂದು ಇಂಗ್ಲಿಷ್ ಪದ ಹೇಳುವುದು, ತಟ್ಟೆ ತೆಗೆದು, ನಾಲಿಗೆ ತಗಲಿ ಪುಡಿ ಎಲ್ಲೆಲ್ಲಿ ಅಳಿಸಿಹೋಗಿದೆ ಎಂದು ನೋಡುವುದು. ಹಲ್ಲು ಕಟ್ಟಿಸಿಕೊಂಡವರ ಮಾತು ತೊದಲದಂತೆ ಮಾಡಲು ಆತ ಬಳಸುತ್ತಿದ್ದ ಉಪಾಯವಂತೆ ಇದು. ಎರಡು ತಟ್ಟೆಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಆಕೆ ಅಡುಗೆಗೆ ಉಪ್ಪು ನೋಡುವವರಂತೆ ನಾಲಿಗೆಯನ್ನು ಹಿಂದೆ ಮುಂದೆ ಮಾಡಿ, ಎರಡು ವಾರದಲ್ಲಿ ನನ್ನ ಗುರುತಿಗೆ ತಮ್ಮ ಗುರುತನ್ನು ಹೊಂದಿಸಿದರು.

“ಟೀಚರಮ್ಮಂದೇ ತಪ್ಪಿದ್ರೆ?” ಅಂದರು ಗಂಡ.

“ಇಬ್ರೂ ಒಂದೇ ತಪ್ಪು ಮಾಡ್ತೀವಿ ಬಿಡಿ” ಎಂದೆ. ಮೂವರೂ ನಕ್ಕೆವು. ನಕ್ಕೆವೋ, ಅಥವಾ ನಗು ಇಲ್ಲಿಗೆ ಬೇಕೆಂದು ಈಗ ತಂದು ಸೇರಿಸುತ್ತಿದ್ದೇನೋ.

ಪುಡಿಯ ತಟ್ಟೆ ಬಾಯಿಯನ್ನು ಸರಿಮಾಡಿತು, ಮಾತನ್ನಲ್ಲ. ಅದಕ್ಕೆ ನಾನು ಇನ್ನೊಂದು ನಿಯಮ ಮಾಡಿದೆ: ಬಾಯಿಪಾಠ ಬಂದ್. ದಿನಕ್ಕೆ ಮೂರು ಮಾತು ಹೇಳಬೇಕು, ಮೂರೂ ಅವತ್ತು ನಿಜವಾಗಿ ನಡೆದಿರಬೇಕು. ಸುಳ್ಳಾದರೆ ತಡವರಿಸುತ್ತೀರಿ, ಮಾಡಿದ್ದನ್ನು ಹೇಳುವಾಗ ಪದ ತಾನಾಗಿ ಬರುತ್ತದೆ ಎಂದೆ. ಚೀನೀ ಮಾತಿನಿಂದ ಇಂಗ್ಲಿಷಿಗೆ ಹಾರಬೇಡಿ, ಮೊದಲು ಕನ್ನಡದಲ್ಲಿ ಅಂದುಕೊಳ್ಳಿ, ನಿನ್ನೆಯದಕ್ಕೂ ನಾಳೆಯದಕ್ಕೂ ನಮ್ಮಲ್ಲಿ ಬೇರೆ ಬೇರೆ ರೂಪ ಇದೆಯಲ್ಲ, ಅದನ್ನು ಹಿಡಿದುಕೊಂಡು ಆ ಕಡೆ ಹೋಗಿ ಅಂದೆ. ಇದು ಕೆಲಸ ಮಾಡಿತು. ಹಾಲು ಉಕ್ಕಿತು ಅಂದರು. ಗಂಡನ ಜೊತೆ ಜಗಳವಾಡಿದೆ ಅಂದರು. ಜಗಳ ಯಾಕೆ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಅರ್ಧ ಗಂಟೆ ಗಂಡನನ್ನು ಬೈದರು. ಇಷ್ಟು ಒಳ್ಳೆಯ ವಿದ್ಯಾರ್ಥಿನಿ ನನಗೆ ಆಮೇಲೆ ಸಿಗಲಿಲ್ಲ.

ಆದರೆ ನನ್ನನ್ನು ಬಿಟ್ಟು ಬೇರೆಯವರ ಇಂಗ್ಲಿಷ್ ಅವರ ಕಿವಿಗೆ ಬಿದ್ದಿರಲಿಲ್ಲ. ಅಧಿಕಾರಿ ನನ್ನಂತೆ ಮಾತಾಡುತ್ತಾರೆಯೇ? ಹಳೇಬೀಡಿಗೆ ಹೋಗೋಣ ಎಂದೆ. ಅಲ್ಲಿ ವಿದೇಶೀಯರು ಬರುತ್ತಾರೆ, ನಿಲ್ಲುತ್ತಾರೆ, ಪುರುಸೊತ್ತಾಗಿ ಮಾತಾಡುತ್ತಾರೆ.

ಇಲ್ಲಿ ನಾನು ನಿಧಾನಿಸಬೇಕು. ಎಷ್ಟೋ ವರ್ಷ ಈ ಕಥೆಯನ್ನು ಹೇಳುವಾಗ ನಾನು ಗಡಿಯ ವಿಷಯ ಮರೆತೇಹೋಗಿತ್ತು ಎಂದು ಹೇಳಿದ್ದೇನೆ. ಹಾಗೆ ಹೇಳಿ ಹೇಳಿ, ಮರೆತದ್ದೇ ನೆನಪಾಗಿ ಕೂತಿದೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಬೇಲೂರಿನ ಬಸ್ಸಿನ ಪಕ್ಕ ನಿಂತು ಆಕೆ ಹೇಳಿದ ಮಾತೂ ನೆನಪಿದೆ.

“ಠಾಣೆಗೆ ಬರ್ದುಕೊಡ್ಬೇಕಲ್ವಾ ಟೀಚರಮ್ಮ?”

“ಬರ್ದುಕೊಟ್ರೆ ಅವ್ರು ಉತ್ತರ ಕೊಡೋ ಹೊತ್ತಿಗೆ ಮೊಮ್ಮಗು ನಡೀತಿರುತ್ತೆ. ಸಂಜೆ ಒಳಗೆ ಬಂದ್ಬಿಡ್ತೀವಿ. ಹತ್ತಿ.”

ಎರಡು ನೆನಪಿನಲ್ಲಿ ಯಾವುದು ನನಗೆ ಅವಮಾನವೋ ಅದೇ ನಿಜ ಎಂದು ಈಗ ಇಟ್ಟುಕೊಂಡಿದ್ದೇನೆ. ಜಾವಗಲ್ ದಾಟಿ ಸ್ವಲ್ಪ ದೂರಕ್ಕೆ ನಮ್ಮ ತಾಲ್ಲೂಕು ಮುಗಿಯುತ್ತದೆ. ಅಲ್ಲಿ ಏನೂ ಇರಲಿಲ್ಲ, ರಾಗಿ ಹೊಲ ಅಷ್ಟೇ. ಆಕೆ ಕಿಟಕಿಯಿಂದ ಮುಖ ಒಳಗೆ ತೆಗೆದುಕೊಂಡರು.

ದೇವಸ್ಥಾನದ ಮುಂದೆ ಒಬ್ಬ ಗೈಡು ಓಡಿಬಂದು, “ಜಪಾನ್? ಜಪಾನ್ ಮೇಡಂ?” ಎಂದ.

“ಅರಸೀಕೆರೆ ಕಣಪ್ಪ. ಸ್ಟೇಷನ್ ರಸ್ತೆ” ಅಂದರು ಆಕೆ.

ಗೈಡು ನನ್ನ ಮುಖ ನೋಡಿದ. “ಏನ್ರೀ ಇದು, ನಮಗಿಂತ ಚೆನ್ನಾಗಿ ಮಾತಾಡ್ತವ್ರೆ!”

“ನಿಂಗಿಂತ ಮುಂಚೆ ಬಂದಿವ್ನಿ ಈ ಕಡೆಗೆ” ಅಂದರು. ‘ಬಂದಿವ್ನಿ’ ಎಂದದ್ದಕ್ಕೆ ಅವನು ಜೋರಾಗಿ ನಕ್ಕು ಎರಡು ಎಳನೀರು ತರಿಸಿದ.

ಗೋಡೆಯ ಆನೆಗಳ ಸಾಲಿನ ಎದುರು ವಯಸ್ಸಾದ ಒಬ್ಬ ವಿದೇಶೀ ಹೆಂಗಸು ಕಾಲು ನೋವೆಂದು ಕೂತಿದ್ದರು. ನಾನು ದೂರ ನಿಂತೆ. ಚೀನಾದಮ್ಮ ಹೋಗಿ ಪಕ್ಕದಲ್ಲಿ ಕೂತರು. ಮುಕ್ಕಾಲು ಗಂಟೆ. ಮಗಳ ಬಸಿರಿನ ವಿಷಯ, ಆ ಹೆಂಗಸಿನ ಮೊಮ್ಮಕ್ಕಳ ವಿಷಯ, ಮಂಡಿ ನೋವಿಗೆ ಬಿಸಿ ಉಪ್ಪಿನ ಗಂಟು. ತಡವರಿಸಲಿಲ್ಲ. ವಾಪಸ್ ಬರುವಾಗ ಆಕೆ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡೇ ಇದ್ದರು. “ಅವ್ರಿಗೆ ಎಲ್ಲಾ ತಿಳೀತು ಟೀಚರಮ್ಮ, ಎಲ್ಲಾನೂ.” ನನ್ನ ಇಡೀ ನೌಕರಿಯಲ್ಲಿ ನನಗೆ ಅಷ್ಟು ಹೆಮ್ಮೆಯಾದ ದಿನ ಇನ್ನೊಂದಿಲ್ಲ. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಅಳಿಸುವುದಿಲ್ಲ.

ಅಧಿಕಾರಿ ಬಂದಾಗ ಮಗಳಿಗೆ ಎಂಟು ತಿಂಗಳು ತುಂಬಿತ್ತು. ಅರ್ಜಿದಾರರ ಜೊತೆ ಒಬ್ಬರು ಕೂರಬಹುದು, ಬಾಯಿ ಬಿಡಬಾರದು ಎಂದು ಗುಮಾಸ್ತ ಹೇಳಿದ. ಗಂಡನೇ ಹೋಗಬೇಕಿತ್ತು. “ನೀವು ಕೂತ್ಕೊಳ್ಳಿ, ನಿಮ್ಮ ಮುಖ ಕಂಡ್ರೆ ಮಾತು ಬತ್ತದೆ” ಎಂದು ಆಕೆ ನನ್ನನ್ನೇ ಕರೆದುಕೊಂಡರು. ಗಂಡ ಹೊರಗೆ ಹೊಂಗೆ ಮರದ ಕೆಳಗೆ ನಿಂತರು.

ಅಧಿಕಾರಿ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಊರು, ವಯಸ್ಸು, ಹಡಗು, ಮದುವೆ ಎಲ್ಲ ಕೇಳಿದರು. ಆಕೆ ಹೇಳಿದರು. ಮಗಳ ಹೆರಿಗೆಯನ್ನೂ ಹೇಳಿದರು. ಅಧಿಕಾರಿಯ ಮುಖ ಸಡಿಲವಾಯಿತು. ಕೇಳುವುದೆಲ್ಲ ಮುಗಿದಿತ್ತು ಎಂದೇ ನನ್ನ ಲೆಕ್ಕ. ಪೆನ್ನಿನ ಮುಚ್ಚಳ ಹಾಕುತ್ತಾ ಅವರು, ಬರೀ ಸೌಜನ್ಯಕ್ಕೆ, ಇಷ್ಟು ಚೆಂದದ ಇಂಗ್ಲಿಷ್ ಎಲ್ಲಿ ಕಲಿತಿರಿ ಅಂದರು.

ಆಕೆ ಒಮ್ಮೆ ನನ್ನ ಕಡೆ ನೋಡಿದರು. ಮುಖದ ತುಂಬ ಬೆಳಕು. ನಾನು ಹೇಳಿಕೊಟ್ಟ ನಿಯಮದಂತೆ, ನಿಜವಾಗಿ ನಡೆದದ್ದನ್ನು ಹೇಳಿದರು. “ಮಿಸ್ ಟಾಟ್ ಮಿ. ಲಾಸ್ಟ್ ಮಂತ್ ವಿ ವೆಂಟ್ ಟು ಹಳೇಬೀಡು ಬೈ ಬಸ್. ಐ ಟಾಕ್ಡ್ ವಿತ್ ಎ ಲೇಡಿ ದೇರ್.”

ಒಂದು ತಪ್ಪೂ ಇರಲಿಲ್ಲ.

ಮುಚ್ಚಳ ಮತ್ತೆ ಬಿಚ್ಚಿಕೊಂಡಿತು. ಅನುಮತಿ ಇತ್ತೇ ಎಂದು ಕೇಳಿದರು. ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ನಿಬಂಧನೆ ನಿಮಗೆ ಗೊತ್ತಿತ್ತೇ ಎಂದು ಕೇಳಿದರು. ಮಕ್ಕಳಿಗೆ ದಿನಕ್ಕೆ ಐದು ಪೀರಿಯಡ್ ಇಂಗ್ಲಿಷ್ ಹೇಳುವ ನನ್ನ ಬಾಯಿಂದ ಹೊರಟದ್ದು ಎರಡು ಪದ. “ನೋ ಸರ್.” ನಾನು ಮೊದಲು ಹೇಳಿದೆನೋ, ಆಕೆ ಮೊದಲು “ಮಿಸ್ ಡಿಡ್ ನಾಟ್ ನೋ” ಎಂದು ನನಗೆ ದಾರಿ ಮಾಡಿಕೊಟ್ಟರೋ, ಆ ಕ್ರಮ ನನಗೆ ನೆನಪಿಲ್ಲ. ದಿನಕ್ಕೊಂದು ಕ್ರಮದಲ್ಲಿ ಅದು ಬರುತ್ತದೆ. ಯಾವ ಕ್ರಮದಲ್ಲಿ ಬಂದರೂ ಇಬ್ಬರೂ ಸುಳ್ಳು ಹೇಳಿದೆವು. ಇಬ್ಬರೂ ತಡವರಿಸಲಿಲ್ಲ.

ಅಧಿಕಾರಿ ಎರಡು ಸಾಲು ಬರೆದರು. ಉಲ್ಲಂಘನೆ ಕಂಡ ಮೇಲೆ ಬರೆಯದೆ ಇರಲು ತಮ್ಮಿಂದ ಆಗದು, ಅರ್ಜಿ ಆರು ತಿಂಗಳು ಮುಂದಕ್ಕೆ ಹೋಗುತ್ತದೆ, ಪ್ರಯಾಣದ ಮಾತು ಈಗ ಬೇಡ ಎಂದರು. ಸಾರಿ ಎಂದೂ ಅಂದರು.

ಮರದ ಕೆಳಗಿನಿಂದ ಗಂಡ ಓಡಿಬಂದರು. “ಏನಂದ್ರು?”

“ಇಂಗ್ಲೀಸು ಚೆನ್ನಾಗೈತೆ ಅಂದ್ರು” ಅಂದರು ಆಕೆ.



ನಾನು ಅಧಿಕಾರಿಗೆ ಒಂದು ಕಾಗದ ಬರೆದೆ. ಕರೆದುಕೊಂಡು ಹೋದವಳು ನಾನು, ನಿಬಂಧನೆ ನನಗೆ ಗೊತ್ತಿತ್ತು ಎಂದು. ಇನ್ನೂ ಕಾಯಂ ಆಗದ ಕೆಲಸ ನನ್ನದು. ಅಂಚೆಗೆ ಹಾಕಲಿಲ್ಲ. ಮತ್ತೆ ಬರೆದೆ, ಈ ಸಲ ಇಂಗ್ಲಿಷ್ ಇನ್ನೂ ಚೆನ್ನಾಗಿತ್ತು. ಅದನ್ನೂ ಹಾಕಲಿಲ್ಲ.

ಹೆಣ್ಣು ಮಗು ಹುಟ್ಟಿದೆ ಎಂದು ತಂತಿ ಬಂತು. ಬಾಣಂತಿಗೆ ಜ್ವರ ಎಂದು ಆಮೇಲೆ ಕಾಗದ. ಪಕ್ಕದ ಮನೆಯ ಯಾರೋ ಅಡುಗೆ ಮಾಡಿಹಾಕುತ್ತಿದ್ದರಂತೆ. ಪಾಠ ನಿಂತಿತು ಎಂದುಕೊಂಡಿದ್ದೆ. ಒಂದು ಸಂಜೆ ಅಂಗಡಿಯ ಮುಂದೆ ಹೋಗುತ್ತಿದ್ದಾಗ ಆಕೆಯೇ ಕೂಗಿದರು. ಹಿಂದಿನ ಕೋಣೆಯಲ್ಲಿ ನೋಟ್‌ಬುಕ್ ಬಿಚ್ಚಿ ಇಟ್ಟಿತ್ತು.

“ಆರ್ ತಿಂಗ್ಳಿಗೆ ಮತ್ತೆ ಬತ್ತಾರಲ್ಲ, ಹಳೇಬೀಡಿಗೆ ಯಾಕೆ ಹೋದೆ ಅಂತಾರೆ. ಏನನ್ಬೇಕು, ಬರ್ಕೊಡಿ.”

“ಬಾಯಿಪಾಠ ಬೇಡ ಅಂದಿದ್ನಲ್ಲ.”

“ಈ ಸಲ ಬಾಯಿಪಾಠನೇ ಆಗ್ಲಿ.”

ನಾನು ಬರೆದೆ. ‘ನನ್ನ ಟೀಚರ್ ಕರೆದುಕೊಂಡು ಹೋದರು. ಅನುಮತಿ ಬೇಕು ಎಂದು ನಾನು ಅವರಿಗೆ ಮೊದಲೇ ಹೇಳಿದ್ದೆ.’ ಎರಡೇ ವಾಕ್ಯ. ಆಕೆ ಬೆರಳಿಟ್ಟು ನಿಧಾನವಾಗಿ ಓದಿದರು, ಕೊನೆಯವರೆಗೂ. ಒಂದು ಪದಕ್ಕೂ ಅರ್ಥ ಕೇಳಲಿಲ್ಲ.

“ಇದು ಬ್ಯಾಡ” ಅಂದರು. “ನಿಮ್ಮ ಕೆಲ್ಸ ಹೋಯ್ತದೆ. ಇನ್ನೊಂದು ಬರೀರಿ.”

ಮಗುವಿಗೆ ಅವತ್ತು ಹನ್ನೆರಡು ದಿನ. ಬೇಡ, ಇದನ್ನೇ ಹೇಳಿ ಎನ್ನಬೇಕಿತ್ತು ನಾನು. ಪೆನ್ಸಿಲ್ ತೆಗೆದುಕೊಂಡು ಎರಡು ವಾಕ್ಯದ ಮೇಲೂ ಗೀಟು ಎಳೆದೆ. ಕೆಳಗಿನ ಸಾಲಿನಲ್ಲಿ ‘ಬಿಕಾಸ್’ ಎಂದು ಬರೆದು, ಮುಂದೆ ಏನೂ ಹೊಳೆಯದೆ ಕೂತೆ. ಆಕೆ ಅವಸರ ಮಾಡಲಿಲ್ಲ. ಎದುರಿಗೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.