ಕಪ್ಪು ಕಾಗದದೊಳಗಿನ ಕೆಂಪು ಕಲ್ಲು

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಹೊಳೆಯಲ್ಲಿ ಉರುಳಿ ಬಂದ ಬೆಣಚುಕಲ್ಲಿನಷ್ಟು ನುಣುಪು. ಧಾರವಾಡದ ನಮ್ಮ ಕಾಲೇಜಿಗೆ ಹಾಜರಿಯ ಬೆರಳಚ್ಚು ಯಂತ್ರ ಬಂದ ದಿನ ಅದು ಭೂವಿಜ್ಞಾನದ ಮೇಡಂ ಅವರನ್ನು ಮತ್ತೆ ಮತ್ತೆ ತಿರಸ್ಕರಿಸಿತು. ಪಕ್ಕದಲ್ಲಿದ್ದ ನಮ್ಮ ವಿಭಾಗದ ಸಿಪಾಯಿ ಕಾಕಾ, "ಮೇಡಮ್ಮಾರ, ಮಷೀನಿಗೆ ನೀವೂ ಒಂದ ಕಲ್ಲ ಅನಿಸೀರಿ ನೋಡ್ರಿ" ಎಂದರು.

"ಯಾವ ಕಲ್ಲಂತ ಕೇಳಪಾ ಅದನ್ನ. ಗುರ್ತ ಹಿಡದ್ರ ಪಾಸ್ ಮಾಡ್ತೇನಿ" ಎಂದರು ಮೇಡಂ.

ಆ ಬೆರಳು ಸವೆದದ್ದು ಪುಡಿ ತಿಕ್ಕಿ ತಿಕ್ಕಿ. ಯಾವ ಖನಿಜ ಕೈಗೆ ಬಂದರೂ ಮೊದಲು ಅಂಗೈಯಲ್ಲಿ ತೂಗಿ ನೋಡುತ್ತಿದ್ದರು. ಆಮೇಲೆ ಗೀರುತ್ತಿದ್ದರು. ಉದುರಿದ ಪುಡಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ ತಿಕ್ಕುತ್ತಿದ್ದರು. ನಾವು ವಿದ್ಯಾರ್ಥಿಗಳು "ಹಸಿರು ಐತ್ರಿ, ಮ್ಯಾಲಕೈಟ್" ಎಂದು ಅವಸರ ಮಾಡಿದರೆ, "ಬಣ್ಣಾನ್ನ ಕಡೀಕ ಕೇಳ್ರಿ. ಅದು ಎಲ್ಲಾರ ಮುಂದೂ ಚಂದ ಮಾತಾಡತೈತಿ" ಎನ್ನುತ್ತಿದ್ದರು.

ಕಲ್ಲಿನಲ್ಲಿ ಏನೇನಿದೆ ಎಂದು ಅವರು ಕೇಳುತ್ತಿದ್ದ ರೀತಿಯೂ ಬೇರೆ. "ಇದರ ಮನ್ಯಾಗ ಯಾರ್ಯಾರ ಅದಾರ?" ಉಕ್ಕಿನ ಹೊಳಪಿನ, ಕತ್ತರಿಸಿಟ್ಟಂತೆ ಚೌಕಚೌಕ ಒಡೆಯುವ ಗೆಲೀನಾ ಎತ್ತಿದರೆ ನಾವು "ಸೀಸ, ಗಂಧಕ" ಎನ್ನಬೇಕು. ನೀಲಿ ಚೂರಿಗಳ ಕಟ್ಟಿನಂತಿರುವ ಕಯನೈಟ್ ಎತ್ತಿದರೆ "ಅಲ್ಯುಮಿನಿಯಂ, ಸಿಲಿಕಾನ್, ಆಕ್ಸಿಜನ್". ಒಬ್ಬರನ್ನು ಬಿಟ್ಟರೂ, "ಮನೀ ಮಂದೀನ್ನ ಹೊರಗ ನಿಲ್ಲಿಸಿ ಬಂದ್ಯಲ್ಲೋ" ಎಂದು ಛೇಡಿಸುತ್ತಿದ್ದರು.

ವಿಭಾಗದ ವಸ್ತುಸಂಗ್ರಹದಲ್ಲಿ ಅವರು ಜೀವದಂತೆ ಕಾಯುತ್ತಿದ್ದದ್ದು ಒಂದು ಕೆಂಪು ಕಲ್ಲನ್ನು. ಮನಃಶಿಲೆ. ವಯಸ್ಸಿನಲ್ಲಿದ್ದಾಗ ಯಾವುದೋ ಸಮ್ಮೇಳನದಲ್ಲಿ ಚೀನಾದ ಸಂಶೋಧಕಿಯೊಬ್ಬಳಿಗೆ ನಮ್ಮೂರಿನ ಹೆಸರು ಹೊತ್ತ, ಪದರುಪದರಾದ ಹಸಿರು ಶಿಸ್ಟ್ ಕಲ್ಲನ್ನು ಕೊಟ್ಟು, ಬದಲಿಗೆ ಪಡೆದದ್ದು. ದಾಳಿಂಬೆಯ ಕಾಳಿನಂಥ ಹರಳುಗಳು, ಒಳಗೆ ದೀಪವಿಟ್ಟಂತೆ. ಗಾಜಿನ ಮುಚ್ಚಳದ ಸಣ್ಣ ಮರದ ಪೆಟ್ಟಿಗೆಯಲ್ಲಿಟ್ಟು, ಕಪ್ಪು ಕಾಗದ ಸುತ್ತಿ ಕೆಳಗಿನ ಖಾನೆಯಲ್ಲಿ ಇಡುತ್ತಿದ್ದರು. ವರ್ಷಕ್ಕೊಮ್ಮೆ ಕಾಗದ ಬಿಚ್ಚಿ, ನಾವು ಕಣ್ಣು ತುಂಬಿಕೊಳ್ಳುವುದರೊಳಗೆ ಮುಚ್ಚಿಬಿಡುತ್ತಿದ್ದರು. "ಪಾಷಾಣ, ಗಂಧಕ. ಇಬ್ಬರ ಇರೂದು. ಬೆಳಕ ಬಿದ್ರ ಮನಿ ಬೀಳತೈತಿ, ಮಂದಿ ಮಾತ್ರ ಅವರ. ಆವಾಗ ನೋಡಾಕ ಹಳದಿ ಪುಡಿ."

ನಾನು ಓದು ಮುಗಿಸಿ ಅಲ್ಲಿಯೇ ಅತಿಥಿ ಉಪನ್ಯಾಸಕಿಯಾದ ವರ್ಷ ಮೇಡಂ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ರಜೆಯಲ್ಲಿದ್ದರು. ಆ ಬೇಸಿಗೆಯಲ್ಲೇ ಕೋಣೆಗೆ ಬಣ್ಣ ಬಳಿದರು. ಕಪಾಟು ಸರಿಸಿದ ಬಣ್ಣದವರು ಪೆಟ್ಟಿಗೆಯ ಕಪ್ಪು ಕಾಗದ ಹರಿದು ಎಸೆದಿದ್ದರು ಎಂಬುದು ನಮಗೆ ತಿಳಿದದ್ದು ಆಮೇಲೆ. ಪೆಟ್ಟಿಗೆ ಪಶ್ಚಿಮದ ಕಿಟಕಿಯ ಮೇಲೆ, ಹಳೆಯ ನಕಾಶೆಗಳ ಸುರುಳಿಯ ಹಿಂದೆ, ದಸರೆಯವರೆಗೂ ಬಿಸಿಲಿನಲ್ಲಿ ಕೂತಿತ್ತು.

ಆಯುಧಪೂಜೆ, ನಮ್ಮ ಕಡೆಯ ಖಂಡೇಪೂಜೆಯ ದಿನ ಮೇಡಂ ಬಂದರು. ಇಳಿದು ಹೋಗಿದ್ದರು, ಆದರೆ ತಮ್ಮ ಸುತ್ತಿಗೆಯನ್ನು ತಾವೇ ತೊಳೆದು ಮೇಜಿನ ಮೇಲಿಟ್ಟರು. ಸೂಕ್ಷ್ಮದರ್ಶಕಗಳಿಗೆ ಚೆಂಡುಹೂ ಏರಿಸಿ ಕಾಕಾ ಪೂಜೆಗೆ ನಿಂತರು. ಮನೆದೇವರ ಭಂಡಾರವನ್ನು, ಅಂದರೆ ಪೂಜೆಯ ಅರಿಶಿನವನ್ನು, ತರುತ್ತಿದ್ದವರು ಕಾಕಾನ ಹೆಂಡತಿ. ನಾವೆಲ್ಲ ಅವರಿಗೆ ಕಾಕು ಎನ್ನುತ್ತೇವೆ. ಆ ದಿನ ಅವರ ಚೀಲ ಮನೆಯಲ್ಲೇ ಉಳಿದಿತ್ತು. ಕಿಟಕಿ ಒರೆಸುವಾಗ ಅವರ ಕೈಗೆ ಒಂದು ಚಂದದ ಪೆಟ್ಟಿಗೆ ಸಿಕ್ಕಿತು. ಗಾಜಿನ ಕೆಳಗೆ ಹಳದಿ ಪುಡಿ, ನಡುನಡುವೆ ಕೆಂಪು. ಯಾರೋ ಭಂಡಾರ, ಕುಂಕುಮ ಕೂಡಿಸಿಯೇ ಇಟ್ಟಿದ್ದಾರೆ ಎಂದುಕೊಂಡು ಅದನ್ನು ತಟ್ಟೆಗೆ ಸುರಿದರು.

ಆರತಿಯಾಯಿತು. ಕಾಕಾ ಮೊದಲ ಚಿಟಿಕೆಯನ್ನು ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ವಾಡಿಕೆಯಂತೆ ನಾಲಿಗೆಯ ಮೇಲಿಟ್ಟುಕೊಂಡರು. ಕಾಕು ಮೂರ್ನಾಲ್ಕು ವಿದ್ಯಾರ್ಥಿಗಳ ಹಣೆಗೆ ಹಚ್ಚಿ ತಟ್ಟೆಯನ್ನು ನಮ್ಮ ಕಡೆ ತಂದರು. ಮೇಡಂ ಒಂದು ಚಿಟಿಕೆ ತೆಗೆದುಕೊಂಡರು. ನಾನೂ. ನನ್ನ ಬೆರಳು ತುಟಿಯ ಹತ್ತಿರ ಹೋಗಿತ್ತು.

ಮೇಡಂ ತಮ್ಮ ಚಿಟಿಕೆಯನ್ನು ತಿಕ್ಕಿದರು. ಅಷ್ಟೇ, ಅಭ್ಯಾಸಬಲದಿಂದ.

"ಕೈ ಕೆಳಗ."

ಕೂಗಲಿಲ್ಲ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿಯೇ ಇರಲಿಲ್ಲ. "ಯಾರೂ ಬಾಯಿಗೆ ಕೈ ಒಯ್ಯಬ್ಯಾಡ್ರಿ. ಇದು ಅರಿಶಿಣ ಅಲ್ಲ. ಯಾರ ತಿಂದೀರಿ?"

ಕಾಕಾ ನಗುತ್ತಲೇ ಕೈ ಎತ್ತಿದರು. "ನಾ ಒಬ್ನ ರೀ. ಯಾಕ, ಉಪ್ಪ ಹಾಕಬೇಕಿತ್ತೇನ್ರಿ?"

ಮೇಡಂ ಕಿಟಕಿಯ ಕಡೆ ನೋಡಿದರು, ಖಾಲಿ ಪೆಟ್ಟಿಗೆ ನೋಡಿದರು. ಕಾಕಾನಿಗೆ ಬಾಯಿ ಮುಕ್ಕಳಿಸಿ ಉಗುಳಲು ಹೇಳಿ, ಹುಡುಗರನ್ನು ಸಾಬೂನು ಹಚ್ಚಿ ಮುಖ ತೊಳೆಯಲು ಅಟ್ಟಿದರು. "ಉಪ್ಪನೀರ ಕುಡಿಸಿ ವಾಂತಿ ಮಾಡಸ್ತೇನ್ರಿ" ಎಂದು ಕಾಕು ಓಡಿದರೆ ಅವರ ತೋಳು ಹಿಡಿದು ನಿಲ್ಲಿಸಿದರು. ಪುಡಿಯನ್ನು ಒದ್ದೆ ಬಟ್ಟೆಯಿಂದ ಬಳಿದು ಶೀಶೆಗೆ ತುಂಬಿ ಬಿರಡೆ ಬಿಗಿದು, "ನಡೀ, ಗಾಡಿ ತಗಿ" ಎಂದು ನನ್ನ ಕಡೆ ತಿರುಗಿದರು.

ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ದಾರಿ ಆ ದಿನದಷ್ಟು ಉದ್ದ ಎಂದೂ ಇರಲಿಲ್ಲ. ಲಕಮನಹಳ್ಳಿಯಿಂದಲೇ ಬಾಳೆಕಂಬ ಕಟ್ಟಿದ ಲಾರಿಗಳು. ಉಣಕಲ್ಲಿನಲ್ಲಿ ರಸ್ತೆಯ ಮೇಲೆಯೇ ಕುಂಬಳಕಾಯಿ ಒಡೆಯುತ್ತಿದ್ದರು, ಗಾಡಿ ನಿಂತೇಬಿಟ್ಟಿತು. ಹಿಂದಿನ ಸೀಟಿನಲ್ಲಿ ಕಾಕಾ ಹೊಟ್ಟೆ ಹಿಡಿದುಕೊಂಡು, "ಹಬ್ಬದ ದಿನಾ ಹೋಳಗಿ ಬಿಟ್ಟ ಕಲ್ಲ ತಿಂದೆ ನೋಡ್ರಿ" ಎಂದರು. ಕನ್ನಡಿಯಲ್ಲಿ ಅವರ ಹಣೆ ಬೆವರಿದ್ದು ಕಾಣುತ್ತಿತ್ತು. ಕಾಕು ಒಂದೇ ಸಮನೆ, "ನನ್ನ ಕೈಲೇ ಕೊಟ್ಟೆನಲ್ರೀ, ನನ್ನ ಕೈಲೇ" ಎನ್ನುತ್ತಿದ್ದರು.

ತುರ್ತು ವಿಭಾಗದಲ್ಲಿ ನರ್ಸ್ ಒಬ್ಬಳು, "ಭಂಡಾರ ತಿಂದ್ರ ಏನಾಗತೈತ್ರಿ?" ಎಂದಳು. ಮೇಡಂ ಶೀಶೆಯನ್ನು ನೇರವಾಗಿ ಡಾಕ್ಟರರ ಮುಂದಿಟ್ಟರು. "ಆರ್ಸೆನಿಕ್ ಮತ್ತ ಗಂಧಕ. ಇಷ್ಟ ಇದ್ರ ಹೊಟ್ಯಾಗ ಸಹಜ ಕರಗಂಗಿಲ್ಲ. ಆದರ ಬ್ಯಾಸಿಗಿಯಿಂದ ಬಿಸಲಾಗ ಐತಿ. ಬಿಳಿ ಪಾಷಾಣ ಹುಟ್ಟಿರಬಹುದು, ಅದು ಕರಗತೈತಿ."

"ಎಷ್ಟ ಇರಬಹುದ್ರಿ ಮೇಡಂ?"

"ಗೊತ್ತಿಲ್ಲ."

ಯಾವ ಕಲ್ಲು ತೋರಿಸಿದರೂ ಮನೆಮಂದಿಯನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದವರ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಒಳಗಿನಿಂದ ಕಾಕಾ ವಾಂತಿ ಮಾಡಿಕೊಳ್ಳುವ ಸದ್ದು. ಪಡಸಾಲೆಯ ಬೆಂಚಿನ ಮೇಲೆ ಮೇಡಂ ಕಾಕುವನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಪೆಟಿಗಿ ಮ್ಯಾಲ ಚೀಟಿ ಇತ್ತಲ್ಲ, ಓದಿಯೇನು?"

"ಇಂಗ್ಲೀಷಿತ್ರೀ. ನನಗ ಕನ್ನಡ ಅಷ್ಟ ಬರತೈತ್ರಿ."

"ಬರದಾಕಿ ನಾನು" ಎಂದರು ಮೇಡಂ. "ಅಳಬ್ಯಾಡ."

ಮರುದಿನ ಸಂಜೆ ಡಾಕ್ಟರರು ಇನ್ನು ಭಯವಿಲ್ಲ ಎಂದಾಗ ಮೇಡಂ ಅದೇ ಬೆಂಚಿನ ಮೇಲೆ ಗೋಡೆಗೊರಗಿ ಕೂತಿದ್ದರು. ಪ್ರಾಂಶುಪಾಲರು ವಿಚಾರಣೆಗೆ ಕರೆದಾಗ ಕಾಕುವಿನ ಹೆಸರು ಎತ್ತಲು ಬಿಡಲಿಲ್ಲ. "ತಪ್ಪ ನಂದು" ಎಂದು ಹೇಳಿ ಎದ್ದು ಬಂದರು.

ಆಮೇಲೆ ಮೇಡಂ ಬಾಳಿದ್ದು ವರ್ಷಕ್ಕೂ ಕಡಿಮೆ. ಮೈಯಲ್ಲಿ ತ್ರಾಣವಿದ್ದ ದಿನವೆಲ್ಲ ಬಂದು ಒಂದೊಂದೇ ಖನಿಜಕ್ಕೆ ಕನ್ನಡದಲ್ಲಿ ಚೀಟಿ ಬರೆದರು. ಅಂಟಿಸುವ ಮೊದಲು ಕಾಕುವಿನಿಂದ ಓದಿಸುತ್ತಿದ್ದರು.

"'ಆರ್ಸೆನಿಕ್' ಅಂದ್ರ ಯಾರ್ರೀ?" ಎಂದು ಕಾಕು ಕೇಳಿದರು ಒಮ್ಮೆ.

"ಪಾಷಾಣ."

"ಹಂಗ ಬರೀರಿ ಮತ್ತ."

ಮೇಡಂ ಚೀಟಿ ಹರಿದು ಬೇರೆ ಬರೆದರು. ಬಿರಡೆ ಬಿಗಿದ ಆ ಶೀಶೆ ಈಗ ಬೀಗ ಹಾಕಿದ ಕಪಾಟಿನಲ್ಲಿದೆ: "ಮನಃಶಿಲೆ ಇತ್ತು. ಪಾಷಾಣ, ಗಂಧಕ. ವಿಷ."

ಅವರಿಲ್ಲದ ಮೊದಲ ಖಂಡೇಪೂಜೆ ಈ ಸಲ ಬಂತು. ಸುತ್ತಿಗೆಯನ್ನು ನಾನು ತೊಳೆದಿಟ್ಟೆ. ಆರತಿಯಾದ ಮೇಲೆ ಕಾಕು ಮನೆಯಿಂದ ತಂದ ಭಂಡಾರವನ್ನು ತಾವೇ ಮೊದಲು ಬೆರಳಲ್ಲಿ ತಿಕ್ಕಿ, ಮೂಸಿ, ತಟ್ಟೆಯನ್ನು ಕಾಕಾನ ಮುಂದೆ ಹಿಡಿದರು. ಕಾಕಾ ಹಣೆಗೆ ಹಚ್ಚಿಕೊಂಡು ನಾಲಿಗೆಗೂ ಇಟ್ಟುಕೊಂಡರು. "ಅರಿಶಿಣ ಐತಿ ತಂಗಿ, ಖರೇನ" ಎಂದು ನನ್ನ ಕಡೆ ನೋಡಿದರು. ನಾನೂ ತಿಕ್ಕಿದೆ. ಮೆತ್ತಗಿತ್ತು, ಬೆರಳಿನ ಗೆರೆಗೆರೆಯೊಳಗೂ ಇಳಿಯಿತು, ಅರಿಶಿನದ್ದೇ ವಾಸನೆ. ಹಣೆಗೆ ಹಚ್ಚಿಕೊಂಡೆ. ಬೆರಳು ತುಟಿಯ ಹತ್ತಿರ ಬಂತು.

"ಕೈ ಕೆಳಗ" ಎನ್ನಲು ಮೇಡಂ ಇರಲಿಲ್ಲ. ಕೈ ತಾನಾಗಿಯೇ ಕೆಳಗಿಳಿಯಿತು.